ಮುಖ ಸಿಂಡರಿಸುವ ಮುನ್ನ

"ಯಾರಾದ್ರೂ ವಾಂತಿ ಮಾಡ್ಕೊಂಡ್ರೆ ನನಗೂ ಹೊಟ್ಟೆ ತೊಳಸುತ್ತೆ ದೊಡ್ಡಮ್ಮ. ಇಂಥವಳು ನರ್ಸಿಂಗ್ ಸೇರಬಹುದಾ?"

ಕೇಳಿದವಳು ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿರುವ ಹುಡುಗಿ. ಕೇಳಿಸಿಕೊಂಡವರು ಅವಳ ತಾಯಿಯ ಅಕ್ಕ. ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದು, ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಟ್ಯೂಟರ್ ಆಗಿ ನಿವೃತ್ತರಾದವರು. ತುಮಕೂರಿನ ಅವರ ಮನೆಯ ಹಜಾರದಲ್ಲಿ ಇಬ್ಬರೂ ಹುಣಸೆಹಣ್ಣಿನ ರಾಶಿಯ ಮುಂದೆ ಕೂತು ಬೀಜ ಬಿಡಿಸುತ್ತಿದ್ದರು.

"ಸೇರಬಹುದು," ಎಂದರು ದೊಡ್ಡಮ್ಮ. "ಆದ್ರೆ ನಿನಗೆ ಆಗದೇ ಇರೋದು ಯಾವುದು ಅಂತ ಮೊದಲು ಸರಿಯಾಗಿ ಹೇಳು. ವಾಂತಿನಾ, ರಕ್ತಾನಾ, ವಾಸನೆನಾ? ಕಾಯಿಲೆ ನಮಗೂ ಅಂಟಿಬಿಡುತ್ತೆ ಅನ್ನೋ ಹೆದರಿಕೆನಾ? ಬೇರೆಯವರ ಮೈ ಮುಟ್ಟೋಕೆ ಸಂಕೋಚಾನಾ? ಎಲ್ಲಾ ಸೇರಿಸಿ 'ನನಗೆ ಆಗಲ್ಲ' ಅಂದ್ರೆ ನಾನು ಯಾವುದಕ್ಕೆ ಉತ್ತರ ಕೊಡ್ಲಿ?"

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಪ್ಪನ ವಿಷಯ ತೆಗೆದಳು. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಾಲಿನಲ್ಲಿ ಹುಣ್ಣಾಗಿತ್ತು. ಡ್ರೆಸ್ಸಿಂಗ್ ದಿನ ಜೊತೆಗೆ ಹೋಗಿದ್ದಳು. ಸಿಸ್ಟರ್ ಅಂಟಿಕೊಂಡಿದ್ದ ಗಾಜ್ ಬಟ್ಟೆಯ ಮೇಲೆ ಸಲೈನ್ ಸುರಿದು ನೆನೆಸಿ, ಫೋರ್ಸೆಪ್ಸ್‌ನಲ್ಲಿ ಒಂದು ಅಂಚು ಹಿಡಿದು ಮೆಲ್ಲಗೆ ಎತ್ತಿದರು. ಕೆಳಗಿನ ಕೆಂಪು ಕಾಣಿಸಿದ್ದೇ ಇವಳ ಕಿವಿಯಲ್ಲಿ ಗುಂಯ್ ಎಂದಿತು, ಕತ್ತಿನ ಹಿಂದೆ ತಣ್ಣನೆಯ ಬೆವರೊಡೆಯಿತು, ಕಣ್ಣು ಕತ್ತಲಿಟ್ಟು ಅಲ್ಲೇ ಗೋಡೆಗೊರಗಿ ಕುಸಿದಳು. ಹುಣ್ಣಿದ್ದ ಅಪ್ಪನೇ "ನೀರು ಕೊಡಿ ಮಗೂಗೆ" ಎಂದು ಕೂಗಬೇಕಾಯಿತು.

"ಅದು ಹೇಸಿಗೆ ಅಲ್ಲ ಕಣೇ. ಹೇಡಿತನಾನೂ ಅಲ್ಲ. ರಕ್ತದೊತ್ತಡ."

ದೊಡ್ಡಮ್ಮ ಹೇಳಿದ್ದು ಸರಿ. ಹಾವು ಕಂಡಾಗ, ಎತ್ತರದಿಂದ ಕೆಳಗೆ ನೋಡಿದಾಗ ಎದೆ ಹೊಡೆದುಕೊಳ್ಳುತ್ತದೆ, ರಕ್ತದೊತ್ತಡ ಏರುತ್ತದೆ. ಹಾಗೆ ಹೆದರಿದವರು ಮೂರ್ಛೆ ಹೋಗುವುದು ಅಪರೂಪ. ರಕ್ತ, ಗಾಯ, ಸೂಜಿ ಕಂಡಾಗ ಕೆಲವರಿಗೆ ಆಗುವುದೇ ಬೇರೆ. ಒತ್ತಡ ಮೊದಲು ಏರಿ, ಕೂಡಲೇ ಸರ್ರನೆ ಇಳಿದುಬಿಡುತ್ತದೆ. ನಾಡಿಯೂ ನಿಧಾನವಾಗುತ್ತದೆ. ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಒಂದೇ ಮನೆತನದ ಹಲವರಲ್ಲಿ ಇದು ಕಾಣಿಸಿಕೊಳ್ಳುವುದೂ ಉಂಟು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರನ್ ಓಸ್ಟ್ 1980ರ ದಶಕದಲ್ಲಿ ಇದಕ್ಕೆ ಸರಳವಾದ ಅಭ್ಯಾಸವೊಂದನ್ನು ರೂಪಿಸಿದರು. ಭಯವಾದಾಗ ಮೈ ಸಡಿಲ ಬಿಡಿ ಎನ್ನುವುದು ಸಾಮಾನ್ಯ ಸಲಹೆ. ಇಲ್ಲಿ ಅದರ ತದ್ವಿರುದ್ಧ ಮಾಡಬೇಕು. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡ್ ಬಿಗಿಹಿಡಿಯಬೇಕು. ಮುಖ ಬೆಚ್ಚಗಾಯಿತು ಅನ್ನಿಸಿದಾಗ ಬಿಗಿ ಬಿಟ್ಟು, ಅರ್ಧ ನಿಮಿಷ ತಡೆದು ಮತ್ತೆ ಬಿಗಿಹಿಡಿಯಬೇಕು. ಹೀಗೆ ಐದು ಸಲ. ಇಳಿಯಲು ಹೊರಟ ಒತ್ತಡವನ್ನು ಸ್ನಾಯುಗಳು ಮೇಲೆತ್ತುತ್ತವೆ. ಮೊದಲು ಮನೆಯಲ್ಲಿ ರೂಢಿ ಮಾಡಿಕೊಂಡು, ಆಮೇಲೆ ರಕ್ತದ ಚಿತ್ರ, ಅದಾದ ಮೇಲೆ ನಿಜವಾದ ಗಾಯ ನೋಡುತ್ತ ಮಾಡಬೇಕು.

"ಇಷ್ಟೇನಾ?" ಹುಡುಗಿಗೆ ನಂಬಿಕೆ ಬರಲಿಲ್ಲ.

"ರಕ್ತದ ತಲೆಸುತ್ತಿಗೆ ಇಷ್ಟೇ. ಮೊದಲ ಸಲ ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋದಾಗ ಹುಡುಗರೇ ಧೊಪ್ ಅಂತ ಬೀಳ್ತಾರೆ. ಹೊಟ್ಟೆ ತುಂಬ ತಿಂಡಿ ತಿಂದು ಬನ್ನಿ, ಮಂಡಿ ಬಿಗಿದು ನೆಟ್ಟಗೆ ನಿಲ್ಲಬೇಡಿ ಅಂತ ಮೊದಲೇ ಹೇಳಿ ಕರ್ಕೊಂಡು ಹೋಗ್ತಿದ್ದೆ. ಆದ್ರೆ ಹೇಸಿಗೆ ಇದೆಯಲ್ಲ, ಅದು ಸ್ನಾಯು ಬಿಗಿ ಮಾಡಿದ್ರೆ ಹೋಗಲ್ಲ. ಅದರ ದಾರಿಯೇ ಬೇರೆ."

ಹೇಸಿಗೆ ಎನ್ನುವುದು ಬುದ್ಧಿಯ ಮಾತು ಕೇಳುವಂಥದ್ದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಾಲ್ ರೋಝಿನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ನಾಯಿಯ ಹೇಲಿನ ಆಕಾರದಲ್ಲಿ ಮಾಡಿದ ಚಾಕೊಲೇಟ್ ಮಿಠಾಯಿಯನ್ನು ವಿದ್ಯಾರ್ಥಿಗಳ ಮುಂದಿಟ್ಟಿದ್ದರು. ಅದು ಚಾಕೊಲೇಟ್ ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ತಿನ್ನಲು ಹಿಂಜರಿದರು. ಲಂಡನ್ನಿನ ಆರೋಗ್ಯ ವಿಜ್ಞಾನಿ ವ್ಯಾಲರಿ ಕರ್ಟಿಸ್ 2004ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಹಲವು ದೇಶಗಳ ಸುಮಾರು 40,000 ಜನರಿಗೆ ಚಿತ್ರಗಳನ್ನು ತೋರಿಸಿ ಅಭಿಪ್ರಾಯ ಪಡೆದರು. ರೋಗ ಹರಡುವ ವಸ್ತುವಿನಂತೆ ಕಾಣುವ ಚಿತ್ರಗಳಿಗೇ, ಅಂದರೆ ಕೀವು, ಮಲ, ಲೋಳೆಯಂಥವಕ್ಕೇ, ಜನ ಹೆಚ್ಚು ಹೇಸಿದರು. ರೋಗಾಣುವಿನ ಹೆಸರೂ ಗೊತ್ತಿಲ್ಲದ ಕಾಲದಿಂದ ನಮ್ಮನ್ನು ಕಾಯ್ದ ಕಾವಲು ಇದು ಎಂಬುದು ಅವರ ವಾದ. ಹಾಗಿದ್ದ ಮೇಲೆ ಹದಿನೆಂಟರ ಹುಡುಗಿಗೆ ವಾಂತಿ ಕಂಡು ಹೊಟ್ಟೆ ತೊಳಸಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿದೆ?

"ಅಂದ್ರೆ ಹೋಗೋದೇ ಇಲ್ವಾ?"

"ಕಡಿಮೆಯಾಗುತ್ತೆ. ಆದ್ರೆ ಒಂದೊಂದಾಗಿ."

ಈ 'ಒಂದೊಂದಾಗಿ' ಎಂಬ ಮಾತಿಗೆ ಆಧಾರವಿದೆ. ರೋಝಿನ್ ಅವರೇ 2008ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ, ತಿಂಗಳುಗಟ್ಟಲೆ ಶವಚ್ಛೇದನ ಮಾಡಿದ ವೈದ್ಯಕೀಯ ವಿದ್ಯಾರ್ಥಿಗಳಿಗೆ ತಣ್ಣಗಿನ ಹೆಣ ಮುಟ್ಟುವ ಅಳುಕು ತಗ್ಗಿತ್ತು. ಆಗತಾನೆ ಪ್ರಾಣ ಹೋದ, ಇನ್ನೂ ಬಿಸಿ ಆರದ ಮೈಯನ್ನು ಮುಟ್ಟುವ ಅಳುಕು ಮಾತ್ರ ಹಾಗೇ ಉಳಿದಿತ್ತು. ಕೈ ಯಾವುದನ್ನು ಪದೇ ಪದೇ ಮುಟ್ಟುತ್ತದೆಯೋ ಅದು ಮಾತ್ರ ಒಗ್ಗುತ್ತದೆ. ಹಾಗಾಗಿ ಮೂತ್ರದ ಚೀಲ ಖಾಲಿ ಮಾಡಲು ಕಲಿತವಳು ಕಫ ಕಂಡು ಮತ್ತೆ ಹೊಸಬಳಾಗುತ್ತಾಳೆ. ಒಂದನ್ನು ಗೆದ್ದೆ, ಇನ್ನೊಂದಕ್ಕೆ ಸೋತೆ ಎಂದು ಅಲ್ಲಿ ಎದೆಗುಂದಬೇಕಾಗಿಲ್ಲ.

"ನನಗೆ ಇವತ್ತಿಗೂ ಕಫ ಅಂದ್ರೆ ಆಗಲ್ಲ," ಎಂದರು ದೊಡ್ಡಮ್ಮ. ಹುಡುಗಿ ಬೀಜ ಬಿಡಿಸುವುದನ್ನು ನಿಲ್ಲಿಸಿದಳು.

"ನೀವಾ?"

"ಹೂಂ. ಮಲ, ಮೂತ್ರ, ಕೀವು ಯಾವುದಕ್ಕೂ ಏನೂ ಅನ್ಸಲ್ಲ. ಕಫ ಕಂಡ್ರೆ ಗಂಟಲಲ್ಲಿ ಏನೋ ಮೇಲೆ ಬಂದ ಹಾಗಾಗುತ್ತೆ. ಆದ್ರೂ ಐಸಿಯುನಲ್ಲಿ ವರ್ಷಗಟ್ಟಲೆ ಸಕ್ಷನ್ ಮಾಡಿದ್ದೀನಿ. ಗಂಟಲಿಗೆ ತೂತು ಮಾಡಿ ಟ್ಯೂಬ್ ಹಾಕಿರೋ ರೋಗಿಗೆ ಕಫ ಕಟ್ಟಿಕೊಂಡ್ರೆ ಉಸಿರೇ ನಿಲ್ಲುತ್ತೆ. ಸಕ್ಷನ್ ಕ್ಯಾತೆಟರ್ ಒಳಗೆ ಬಿಟ್ಟು ಎಳೀಬೇಕು. ಎಳೆಯೋ ಹೊತ್ತಲ್ಲಿ ರೋಗಿಗೆ ಉಸಿರಿಲ್ಲ, ಅದಕ್ಕೆ ಹತ್ತು ಹದಿನೈದು ಸೆಕೆಂಡ್ ದಾಟಬಾರದು. ಕೈ ಎಳೀತಾ ಇರುತ್ತೆ, ಬಾಯಲ್ಲಿ ಎಣಿಕೆ, ಕಣ್ಣು ಮಾನಿಟರ್ ಮೇಲೆ: ಆಕ್ಸಿಜನ್ ಎಷ್ಟು, ನಾಡಿ ಎಷ್ಟು, ತುಟಿ ನೀಲಿ ಆಗ್ತಿದೆಯಾ. ಅಷ್ಟು ಕೆಲಸ ಇರುವಾಗ ಹೇಸಿಗೆಗೆ ಎಲ್ಲಿಯ ಪುರುಸೊತ್ತು? ಬಾಗಿಲಲ್ಲಿ ನಿಂತು ಸುಮ್ಮನೆ ನೋಡೋರಿಗೇ ಅದು ಜಾಸ್ತಿ. ಅಪ್ಪನ ಹುಣ್ಣು ನೋಡಿದಾಗ ನಿನ್ನ ಕೈಲೇನಿತ್ತು?"

"ಏನೂ ಇರಲಿಲ್ಲ. ಸುಮ್ಮನೆ ನಿಂತಿದ್ದೆ."

"ಅದೇ."

ನರ್ಸಿಂಗ್ ಪಾಠದ ಬೇರು ಇಲ್ಲೇ ಇದೆ. ಹೇಸಿಗೆಯನ್ನು ಅದುಮಿಟ್ಟುಕೊಳ್ಳಲು ಹೊರಟವರ ಗಮನವೆಲ್ಲ ತಮ್ಮ ಹೊಟ್ಟೆ, ತಮ್ಮ ಮೂಗಿನ ಮೇಲೇ ಇರುತ್ತದೆ. ಆ ಗಮನವನ್ನು ಎತ್ತಿ ರೋಗಿಯ ಮೇಲಿಟ್ಟಾಗ, ಹೇಸಿಗೆ ಹುಟ್ಟಿಸುತ್ತಿದ್ದ ವಸ್ತುವೇ ಸುದ್ದಿ ಹೇಳಲು ತೊಡಗುತ್ತದೆ. ಡಾಂಬರಿನಂತೆ ಕಪ್ಪಗೆ, ಜಿಗುಟಾಗಿ, ವಿಚಿತ್ರ ನಾತದ ಮಲ ಬಂದರೆ ಜಠರದಲ್ಲೋ ಸಣ್ಣ ಕರುಳಿನ ಮೊದಲ ಭಾಗದಲ್ಲೋ ರಕ್ತ ಸೋರುತ್ತಿರಬಹುದು. ಕಬ್ಬಿಣದ ಮಾತ್ರೆ ನುಂಗುವವರ ಮಲವೂ ಕಪ್ಪಾಗುತ್ತದೆ. ಎರಡರ ವ್ಯತ್ಯಾಸವನ್ನು ಅನುಭವಿ ನರ್ಸ್ ಹತ್ತಿರ ನಿಂತು ನೋಡಿಯೇ ಊಹಿಸುತ್ತಾಳೆ. ವಾಂತಿ ಕಾಫಿಪುಡಿಯ ಚರಟದ ಹಾಗಿದ್ದರೆ ಅದು ಜಠರದ ಆಮ್ಲದಲ್ಲಿ ಕಪ್ಪಾದ ರಕ್ತ. ಗಾಯದ ಬಟ್ಟೆಗೆ ಹಸಿರು ಬಣ್ಣ, ಜೊತೆಗೆ ಸಿಹಿ ಸಿಹಿ ವಾಸನೆ ಇದ್ದರೆ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾದ ಗುಮಾನಿ. ಸಕ್ಕರೆ ಕಾಯಿಲೆಯವರ ಉಸಿರಲ್ಲಿ ಹಣ್ಣಿನ ವಾಸನೆ ಬಂದರೆ ಕೂಡಲೇ ಡಾಕ್ಟರನ್ನು ಕರೆಯಬೇಕು. ಮೂಗು ಮುಚ್ಚಿ ಮುಖ ತಿರುಗಿಸಿದವಳಿಗೆ ಇದೊಂದೂ ತಿಳಿಯುವುದಿಲ್ಲ.

ದೊಡ್ಡಮ್ಮ ಇಲ್ಲಿ 1971ರ ಕತೆ ಹೇಳಿದರು. ಬಾಂಗ್ಲಾ ಯುದ್ಧದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ತುಂಬಿದ್ದಾಗ ಕಾಲರಾ ಹಬ್ಬಿತು. ಡಾಕ್ಟರ್ ದಿಲೀಪ್ ಮಹಾಲನಬೀಸ್ ಅಲ್ಲಿನ ಆಸ್ಪತ್ರೆಗೆ ಹೋದಾಗ ಹಾಸಿಗೆ ಸಾಲದೆ ರೋಗಿಗಳು ನೆಲದ ಮೇಲೆ ಮಲಗಿದ್ದರು. ಸಲೈನ್ ಹಾಕಬೇಕಾದರೆ ಭೇದಿ, ವಾಂತಿಯ ಮಡುವಿನಲ್ಲೇ ಮಂಡಿಯೂರಿ ಕೂರಬೇಕಿತ್ತು. ಸಲೈನ್ ಮುಗಿಯುತ್ತ ಬಂದಾಗ ಅವರು ಸಕ್ಕರೆ, ಉಪ್ಪು, ಸೋಡಾ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಇಂದು ಅಂಗನವಾಡಿಯಲ್ಲೂ ಸಿಗುವ ಓಆರ್‌ಎಸ್‌ನ ಶಕ್ತಿ ಜಗತ್ತಿಗೆ ಗೊತ್ತಾಗಿದ್ದು ಆ ಹೊಲಸಿನ ನಡುವೆ. 2022ರಲ್ಲಿ ತೀರಿಕೊಂಡ ಅವರಿಗೆ ಮರುವರ್ಷ ಪದ್ಮವಿಭೂಷಣ ಬಂತು.

"ಕಾಲರಾ ಮಂಚ ನೋಡಿದ್ದೀಯಾ? ಢಾಕಾ ಆಸ್ಪತ್ರೆಯಲ್ಲಿ ಇವತ್ತಿಗೂ ಇದೆ. ಮಂಚದ ಮಧ್ಯೆ ಒಂದು ತೂತು, ಕೆಳಗೆ ಬಕೆಟ್ಟು. ಎಷ್ಟು ಲೀಟರ್ ಭೇದಿ ಆಯ್ತು ಅಂತ ಅಳೀತಾರೆ, ಅಷ್ಟು ನೀರು ವಾಪಸ್ ಒಳಗೆ ಹೋಗಬೇಕು. ನಮ್ಮ ವಾರ್ಡಿನ ಇನ್‌ಟೇಕ್-ಔಟ್‌ಪುಟ್ ಚಾರ್ಟ್ ಮಾಡೋದೂ ಅದೇ. ಅರವತ್ತು ಕೆ.ಜಿ. ಮನುಷ್ಯನಿಗೆ ಗಂಟೆಗೆ 30 ಎಂ.ಎಲ್. ಮೂತ್ರನಾದ್ರೂ ಬರ್ತಿರಬೇಕು. ಬರ್ಲಿಲ್ಲ ಅಂದ್ರೆ ಕಿಡ್ನಿ ಕಷ್ಟದಲ್ಲಿದೆ. ಆ ಚೀಲ ಖಾಲಿ ಮಾಡೋವಾಗ ಅಳತೆ ನೋಡದೆ ಮುಖ ಆ ಕಡೆ ಮಾಡಿ ಚೆಲ್ಲಿದೋರು, ರೋಗಿಯ ಸಂಜೆಯ ಔಷಧಿಯನ್ನೇ ಚೆಲ್ಲಿದ ಹಾಗೆ."

"ಸರಿ, ಮೂಗಿನ ಮಾತೇನು? ವಾಸನೆ ಎಣಿಕೆಗೆ ಬಗ್ಗಲ್ಲವಲ್ಲ."

ಅದಕ್ಕೆ ವಾರ್ಡಿನವರು ಕಂಡುಕೊಂಡ ಉಪಾಯಗಳಿವೆ. ಮಾಸ್ಕಿನ ಹೊರಮೈಗೆ ಒಂದು ಚೂರು ವಿಕ್ಸ್, ಬಾಯಿಯಿಂದ ಉಸಿರಾಟ. ಕ್ಯಾನ್ಸರ್ ಹುಣ್ಣು ನಾರುವ ರೋಗಿಯ ಮಂಚದ ಕೆಳಗೆ ತಟ್ಟೆಯಲ್ಲಿ ಕಾಫಿಪುಡಿ ಹರಡಿಡುವುದೂ ಉಂಟು. ಹುಣ್ಣಿಗೇ ಮೆಟ್ರೊನಿಡಝೋಲ್ ಉದುರಿಸಿದರೆ ನಾತ ಹುಟ್ಟಿಸುವ ಬ್ಯಾಕ್ಟೀರಿಯಾ ಸಾಯುತ್ತವೆ. ಉಪಶಮನ ಆರೈಕೆಯಲ್ಲಿ ಇದು ರೂಢಿ. ಇದರಲ್ಲಿ ನೆಮ್ಮದಿ ಕಾಣುವವರು ನರ್ಸುಗಳಿಗಿಂತ ಹೆಚ್ಚಾಗಿ ರೋಗಿಗಳೇ. ತನ್ನ ಮೈಯ ವಾಸನೆಗೆ ಹೆದರಿ ಮೊಮ್ಮಕ್ಕಳನ್ನು ಹತ್ತಿರ ಕರೆಯದವರು ಮತ್ತೆ ಕರೆಯುತ್ತಾರೆ. ಸಾಮಾನ್ಯ ವಾಸನೆಯಾದರೆ ಕೆಲವು ನಿಮಿಷಗಳಲ್ಲಿ ಮೂಗೇ ಒಗ್ಗಿಕೊಳ್ಳುತ್ತದೆ.

ಒಗ್ಗಿಸಿಕೊಳ್ಳಬೇಕಾದ್ದು ಮೂಗಿಗಿಂತ ಮುಖವನ್ನು ಎನ್ನುವುದು ದೊಡ್ಡಮ್ಮನ ಮಾತು. ಹೇಸಿದಾಗ ಮೂಗಿನ ಬುಡ ಸುಕ್ಕಾಗುತ್ತದೆ, ಮೇಲ್ದುಟಿ ಎತ್ತುತ್ತದೆ. ಮಾಸ್ಕ್ ತುಟಿಯನ್ನು ಮುಚ್ಚಿದರೂ ಮೂಗಿನ ಮೇಲಿನ ಆ ಸುಕ್ಕು, ಗಂಟಿಕ್ಕಿದ ಹುಬ್ಬು ಕಾಣುತ್ತಲೇ ಇರುತ್ತದೆ.

"ಮಲಗಿರೋನಿಗೆ ಬೇರೇನು ಕೆಲಸ ಹೇಳು? ನಮ್ಮ ಮುಖ ನೋಡೋದೇ ಕೆಲಸ. ಹಾಸಿಗೆಯಲ್ಲೇ ಮಾಡ್ಕೊಂಡುಬಿಟ್ಟೆ ಅಂತ ಮೊದಲೇ ಕುಗ್ಗಿಹೋಗಿರ್ತಾನೆ. ನೀನು ಮುಖ ಸಿಂಡರಿಸಿದ್ರೆ ಮುಂದಿನ ಸಲ ಬೆಡ್‌ಪ್ಯಾನ್ ಕೇಳೋದೇ ಇಲ್ಲ, ತಡ್ಕೋತಾನೆ. ನೀರು ಕುಡಿಯೋದು ಬಿಡ್ತಾನೆ. ಮಲ ಕಟ್ಟುತ್ತೆ, ಮೂತ್ರದ ಸೋಂಕು ಬರುತ್ತೆ. ಒಂದು ಮುಖದ ಸುಕ್ಕಿಗೆ ಇಷ್ಟು."

"ತಡೆಯೋಕೇ ಆಗದಿದ್ರೆ?"

"ರೋಗಿಗೆ ಬಟ್ಟೆ ಹೊದಿಸು. ಮಂಚದ ಕಂಬಿ ಮೇಲೆತ್ತು. 'ಒಂದು ನಿಮಿಷ, ಒಣ ಬಟ್ಟೆ ತರ್ತೀನಿ' ಅನ್ನು. ಹೊರಗೆ ಹೋಗಿ ಉಸಿರು ತಗೊಂಡು, ನಿಜವಾಗ್ಲೂ ಬಟ್ಟೆ ತಗೊಂಡೇ ಬಾ. ಯಾರೂ ತಪ್ಪು ತಿಳಿಯಲ್ಲ."

ಆಮೇಲೆ ಅವರು ಹಾಸಿಗೆ ಬದಲಿಸುವ ಕ್ರಮವನ್ನು ವಿವರಿಸಿದರು. ಮೊದಲು ಪರದೆ ಎಳೆಯಬೇಕು. ಬೆಚ್ಚಗಿನ ನೀರಿನ ಬೇಸನ್, ಒರೆಸುವ ಬಟ್ಟೆ, ಹೊಸ ಶೀಟು, ಮ್ಯಾಕಿಂಟಾಷ್ ಎನ್ನುವ ರಬ್ಬರ್ ಹಾಳೆ, ಎಲ್ಲವೂ ಕೈಗೆಟುಕುವಲ್ಲಿರಬೇಕು. ಮಧ್ಯೆ ಬಿಟ್ಟು ಓಡುವ ಹಾಗಿಲ್ಲ. "ಈಗ ಎಡಕ್ಕೆ ತಿರುಗಿಸ್ತೀನಿ ಅಜ್ಜಿ" ಎಂದು ಹೇಳಿಯೇ ತಿರುಗಿಸಬೇಕು. ಹೆಂಗಸರನ್ನು ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಇಲ್ಲದಿದ್ದರೆ ಮಲದ ರೋಗಾಣು ಮೂತ್ರದ ದಾರಿಗೆ ಹೋಗುತ್ತದೆ. ಒರೆಸಿದ ಮೇಲೆ ಸೊಂಟದ ಕೆಳಗಿನ ಮೂಳೆಯ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ನೋಡಿ ಬೆರಳಲ್ಲಿ ಒತ್ತಬೇಕು. ಒತ್ತಿದಾಗಲೂ ಕೆಂಪು ಮಾಸದಿದ್ದರೆ ಬೆಡ್‌ಸೋರ್ ಶುರುವಾಗಿದೆ ಎಂದರ್ಥ. ಕೊಳೆ ಶೀಟನ್ನು ಬೆನ್ನಿನುದ್ದಕ್ಕೆ ಸುತ್ತಿ ಒತ್ತಿಟ್ಟು, ಹೊಸದನ್ನು ಅರ್ಧ ಹಾಸಿ, ರೋಗಿಯನ್ನು ಈಚೆ ಹೊರಳಿಸಿ, ಆಚೆಯಿಂದ ಎಳೆದುಕೊಂಡರೆ ಮುಗಿಯಿತು. ಹೇಳುವಾಗ ಅವರ ಕೈಗಳು ಹುಣಸೆಹಣ್ಣಿನ ಮೇಲೆ ಗಾಳಿಯಲ್ಲಿ ಶೀಟು ಸುತ್ತುತ್ತಿದ್ದವು. ಹುಡುಗಿ ನಡುವೆ ಎಲ್ಲೂ ಮುಖ ಸಿಂಡರಿಸಲಿಲ್ಲ.

"ಆದ್ರೆ ಇದೆಲ್ಲ ಆಯಾ ಮಾಡೋದಲ್ವಾ ದೊಡ್ಡಮ್ಮ?"

ಅವರ ದನಿ ಗಡುಸಾಯಿತು. "ಹಾಗಂತ ಯಾರು ಹೇಳಿದ್ದು?"

ಫ್ಲಾರೆನ್ಸ್ ನೈಟಿಂಗೇಲ್ 1859ರ ತನ್ನ ಪುಸ್ತಕದಲ್ಲಿ ಈ ವಿಷಯವನ್ನು ನೇರವಾಗಿಯೇ ಎತ್ತಿಕೊಂಡಿದ್ದಾಳೆ. ಮುಚ್ಚಳವಿಲ್ಲದ ಮಲಪಾತ್ರೆಯನ್ನು ಬಳಸಲೇಬಾರದು ಎನ್ನುತ್ತಾಳೆ. ಅಂಥ ಕೆಲಸ ತನ್ನದಲ್ಲ ಎನ್ನುವವಳಿಗೆ ಶುಶ್ರೂಷೆ ಹೇಳಿಸಿದ್ದಲ್ಲ ಎಂದೂ ಬರೆದಿದ್ದಾಳೆ. ನಮ್ಮಲ್ಲಿ ಆ ಕೆಲಸಕ್ಕೆ ಹೇಸಿಗೆಯ ಜೊತೆ ಮೈಲಿಗೆಯೂ ಅಂಟಿಕೊಂಡಿತು. ಕೊಳೆ ಸೋಪು ನೀರಿಗೆ ಹೋಗುತ್ತದೆ. ಮೈಲಿಗೆ ಮುಟ್ಟಿದವರ ಹುಟ್ಟಿಗೇ ಅಂಟುತ್ತದೆ ಎಂದು ನಂಬಿದ ಸಮಾಜದಲ್ಲಿ, ಪರರ ಮಲಮೂತ್ರ ಮುಟ್ಟುವ ಉದ್ಯೋಗಕ್ಕೆ ಹೆಣ್ಣುಮಕ್ಕಳನ್ನು ಕಳಿಸಲು 'ಮರ್ಯಾದಸ್ಥ' ಮನೆಗಳು ಬಹುಕಾಲ ಒಪ್ಪಲಿಲ್ಲ. ಅಲ್ಲಿ ಹೆಚ್ಚಾಗಿ ನಿಂತದ್ದು ಕ್ರೈಸ್ತ ಸಂಸ್ಥೆಗಳು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಔಷಧಿ ಕೊಡಲು ಶುರುಮಾಡಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಬೆಂಗಳೂರಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಗುಡ್ ಶೆಫರ್ಡ್ ಸಂನ್ಯಾಸಿನಿಯರು ತೆರೆದದ್ದು 1886ರಲ್ಲಿ. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಬ್ರಿಟಿಷ್ ಇಂಡಿಯಾದಲ್ಲಿದ್ದ ನರ್ಸುಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬಳು. ಆ ಕೊರತೆಗೆ ಹಣದ ಅಭಾವವೊಂದೇ ಕಾರಣವಾಗಿರಲಿಲ್ಲ.

"ನಾನು ಸೇರಿದಾಗ ನಮ್ಮಜ್ಜಿ ಮುಂಬಾಗಿಲಿಂದ ಒಳಗೆ ಬಿಡ್ತಿರಲಿಲ್ಲ. ಹಿತ್ತಿಲ ಕಡೆಯಿಂದ ಬಂದು ಬಚ್ಚಲಲ್ಲಿ ತಲೆ ಮೇಲೆ ನೀರು ಹುಯ್ಕೊಂಡೇ ಅಡುಗೆಮನೆ ಹೊಸ್ತಿಲು ದಾಟಬೇಕು. ಡ್ಯೂಟಿಯಿಂದ ಬಂದು ಸ್ನಾನ ಮಾಡೋದು ಒಳ್ಳೇದೇ, ಅದನ್ನ ನಾನೂ ಹೇಳ್ತೀನಿ. ಆದ್ರೆ ಅಜ್ಜಿ ಹೆದರಿದ್ದು ರೋಗಾಣುವಿಗಲ್ಲ. ಯಾರ್ಯಾರನ್ನ ಮುಟ್ಟಿ ಬಂದೆ ಅನ್ನೋದಕ್ಕೆ. ಇವತ್ತು ಬೆಡ್‌ಪ್ಯಾನ್ ಕೆಲಸಾನ ಕಡಿಮೆ ಸಂಬಳದ ಆಯಾ ಮೇಲೆ ತಳ್ಳಿ, ನಾವು ಬರೀ ಇಂಜೆಕ್ಷನ್ ಕೊಡೋರು ಅಂತ ಕೂತ್ರೆ, ಆ ಹಿತ್ತಿಲ ಬಾಗಿಲನ್ನ ಇನ್ನೊಬ್ಬಳಿಗೆ ತೋರಿಸಿದ ಹಾಗಾಗಲ್ವಾ? ವಾರ್ಡಿನಲ್ಲಿ ಜನ ಕಡಿಮೆ, ಕೆಲಸ ಹಂಚ್ಕೋಬೇಕು, ನಿಜ. ಆದ್ರೆ ನನಗೆ ಬಾರದ ಕೆಲಸಾನ ಇನ್ನೊಬ್ಬರಿಗೆ ಹಂಚೋಕೆ ನಾನ್ಯಾರು?"

ಹುಡುಗಿ ಇದಕ್ಕೆ ಎದುರಾಡಲಿಲ್ಲ. ಅವಳ ತಲೆಯಲ್ಲಿ ಉಳಿದಿದ್ದದ್ದು ಅಪ್ಪ ದಿನಾ ಕೇಳುವ ಪ್ರಶ್ನೆ: ಕಾಯಿಲೆ ಇವಳಿಗೂ ಅಂಟಿದರೆ?

"ಆ ಹೆದರಿಕೆ ಇರಲಿ, ಬೇಕು. ಅದನ್ನ ಧೈರ್ಯದಿಂದ ಓಡಿಸಬೇಡ. ಗ್ಲೌಸ್, ಮಾಸ್ಕ್, ಕೈ ತೊಳೆಯೋದು ಅದಕ್ಕೇ ಇರೋದು. ಸೇರಿದ ತಕ್ಷಣ ಹೆಪಟೈಟಿಸ್ ಬಿ ಲಸಿಕೆ ಶುರುಮಾಡಿಸ್ಕೋ. ಮೊದಲನೇದು ಹಾಕಿಸ್ಕೊಂಡ ಒಂದು ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಬಳಸಿದ ಸೂಜಿಗೆ ಮತ್ತೆ ಕ್ಯಾಪ್ ಹಾಕಬೇಡ. ಗ್ಲೌಸ್ ಇಲ್ಲ ಅಂತ ವಾರ್ಡಿನಲ್ಲಿ ಅಂದ್ರೆ ತರಿಸಿ ಅಂತ ಕೇಳು, ನಾಚ್ಕೋಬೇಡ."

ಇನ್ನೊಂದು ಅಪಾಯದ ಬಗ್ಗೆ ಹೊಸಬರಿಗೆ ಯಾರೂ ಎಚ್ಚರಿಕೆ ಕೊಡುವುದಿಲ್ಲ. ಹೇಸಿಗೆ ತಗ್ಗಿದ ಮೇಲೆ ಬರುವ ಅಪಾಯ ಅದು. ವರ್ಷಗಳು ಕಳೆದಂತೆ ನರ್ಸಿಗೆ ಬತ್ತಲೆ ಮೈ, ಮಲ, ನರಳಾಟ ಎಲ್ಲವೂ ಮಾಮೂಲಾಗುತ್ತವೆ. ರೋಗಿಗೆ ಮಾತ್ರ ಮಾಮೂಲಾಗಿರುವುದಿಲ್ಲ. ಪರದೆ ಎಳೆಯದೆ ಬಟ್ಟೆ ಸರಿಸುವುದು, ಪಕ್ಕದ ಮಂಚದವರಿಗೆ ಕೇಳುವಂತೆ "ಮೋಷನ್ ಆಯ್ತಾ?" ಎಂದು ಕೂಗುವುದು ಆಗ ಶುರುವಾಗುತ್ತದೆ. ಅಂಥವರಿಗಿಂತ, ಇನ್ನೂ ಒಂದಿಷ್ಟು ಅಳುಕು ಉಳಿಸಿಕೊಂಡ ಹೊಸ ಹುಡುಗಿಯೇ ರೋಗಿಯ ನಾಚಿಕೆಯನ್ನು ಚೆನ್ನಾಗಿ ಕಾಯುತ್ತಾಳೆ. ಬಟ್ಟೆ ಸರಿಸುವಾಗ ಅವಳು ತಡೆಯುವ ಆ ಒಂದು ಕ್ಷಣವನ್ನು ಕಳೆದುಕೊಳ್ಳಬಾರದು.

"ಮೊದಲ ವರ್ಷದಲ್ಲೇ ಇಷ್ಟೆಲ್ಲ ಮಾಡಿಸ್ತಾರಾ?"

"ಇಲ್ಲಮ್ಮ. ನಾಲ್ಕು ವರ್ಷದ ಕೋರ್ಸು. ನರ್ಸಿಂಗ್ ಫೌಂಡೇಷನ್ ಅಂತ ಶುರುವಾಗೋದೇ ಕೈ ತೊಳೆಯೋದು, ಹಾಸಿಗೆ ಹಾಸೋದು, ಜ್ವರ ನೋಡೋದು, ನಾಡಿ ಹಿಡಿಯೋದರಿಂದ. ಲ್ಯಾಬಿನಲ್ಲಿ ಗೊಂಬೆ ಮೇಲೆ ಮಾಡಿಸಿ, ಆಮೇಲೆ ವಾರ್ಡಿಗೆ ಕಳಿಸ್ತಾರೆ. ನೀನು ಅಲ್ಲೀವರೆಗೆ ಕಾಯಬೇಕಾಗಿಲ್ಲ. ನಿಮ್ಮಪ್ಪನ ಮುಂದಿನ ಡ್ರೆಸ್ಸಿಂಗ್ ಯಾವತ್ತು?"

"ಗುರುವಾರ."

"ಟ್ರೇ ಹಿಡ್ಕೊಳ್ಲಾ ಅಂತ ಸಿಸ್ಟರನ್ನ ಕೇಳು. ಕುರ್ಚಿ ಮೇಲೆ ಕೂತ್ಕೊಂಡೇ ಹಿಡ್ಕೋ, ಕಾಲು ಬಿಗಿ ಮಾಡೋದು ಮರೀಬೇಡ. ಹುಣ್ಣಿನ ಅಂಚು ಎಲ್ಲಿದೆ, ಹೋದ ಸಲಕ್ಕಿಂತ ಚಿಕ್ಕದಾಗಿದೆಯಾ, ಬಟ್ಟೆಗೆ ಯಾವ ಬಣ್ಣ ಹತ್ತಿದೆ, ನೋಡ್ಕೊಂಡು ಬಂದು ನನಗೆ ಹೇಳು. ಹದಿನೆಂಟು ತುಂಬಿದೆಯಲ್ಲ, ರಕ್ತ ಕೊಡೋಕೂ ಒಂದ್ಸಲ ಹೋಗು. ತೂಕ ಎಷ್ಟು?"

"43."

"45 ಆಗಬೇಕು. ಹಿಮೋಗ್ಲೋಬಿನ್ 12.5 ಇರಬೇಕು. ಸದ್ಯಕ್ಕೆ ನಿನ್ನ ರಕ್ತ ತಗೊಳ್ಳಲ್ಲ. ನಿಮ್ಮಣ್ಣ ಕೊಡೋಕೆ ಹೋಗ್ತಾನಲ್ಲ, ಅವನ ಜೊತೆ ಹೋಗಿ ಪಕ್ಕದಲ್ಲಿ ಕೂತ್ಕೋ. ಸೂಜಿ ಚುಚ್ಚೋವಾಗ ಅವನ ಮುಖ ನೋಡ್ತಾ ಮಾತಾಡಿಸು, ಚೀಲ ತುಂಬ್ತಾ ಬಂದಾಗ ಚೀಲ ನೋಡು."

"ಅಣ್ಣನಿಗೇ ತಲೆ ಸುತ್ತಿದ್ರೆ?"

"ಮಲಗಿಸಿ ಕಾಲೆರಡೂ ಎತ್ತಿ ಹಿಡಿ. ಅಲ್ಲಿನ ಸಿಸ್ಟರನ್ನ ಕರಿ. ಅವನು ಕಣ್ಣು ಬಿಡೋವರೆಗೂ ಪಕ್ಕದಿಂದ ಏಳಬೇಡ."